ಅರ ಹಿಡಿದ ಕೈ

ಸಂದರ್ಶನಕ್ಕೆ ಇನ್ನು ಹದಿನೇಳು ನಿಮಿಷ.
ಹಾಸನದ ಐಟಿಐ ಶೆಡ್ಡಿನ ಹಿಂದೆ
ನಲ್ಲಿಗೆ ಮಣಿಕಟ್ಟು ಒಡ್ಡಿ ನಿಂತೆ.
ನಡುಕ ತೊಳೆದುಹೋಗುವ ಕೊಳೆಯಲ್ಲ.

ಇದೇ ಕೈ, ಹೋದ ವಾರ,
ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ
ಕೂದಲೆಳೆಯೂ ನುಸುಳದಂತೆ ಕೂರಿಸಿತ್ತು.
“ಮುಂದಕ್ಕೆ ಹೋಗೋವಾಗ ಒತ್ತು,
ಹಿಂದಕ್ಕೆ ಬರೋವಾಗ ಕೈ ಸಡಿಲ ಬಿಡವ್ವಾ,
ಎಳೆದಾಡಿದ್ರೆ ಅರದ ಹಲ್ಲೇ ಹೋಗ್ತವೆ”
ಅಂದಿದ್ದರು ಜವರಪ್ಪ ಮೇಷ್ಟ್ರು.

ಒಳಗಿಂದ ಬಂದ ಸುಗುಣ
ಮುಚ್ಚಿದ ಜಿಪ್ಪನ್ನೇ ಮತ್ತೆ ಮತ್ತೆ ಮುಚ್ಚುತ್ತಿದ್ದಳು.
ಏನು ಕೇಳಿದರು ಅಂದರೆ
“ನಿನ್ನ ಬಗ್ಗೆ ಹೇಳು ಅಂದ್ರು ಕಣೇ,
ನನ್ನ ಹೆಸರೇ ಮರೆತುಹೋಯ್ತು.”

ಜೇಬಿನಲ್ಲಿ ಆ ತುಂಡಿತ್ತು, ಹೇಳದೆ ತಂದದ್ದು.
ಅಂಚಿನ ಮೇಲೆ ಹೆಬ್ಬೆರಳು:
ಹೋಗುವಾಗ ಉಸಿರು ಒತ್ತಿ,
ಬರುವಾಗ ಬಿಟ್ಟು.

“ಫಸೀಹಾ ಬಾನು!”

ತುಂಡನ್ನು ಅವಳ ಅಂಗೈಯಲ್ಲಿಟ್ಟು ಎದ್ದೆ.
ಬೆಚ್ಚಗಿತ್ತು ಕಬ್ಬಿಣ.
ಕೈಯಿನ್ನೂ ನಡುಗುತ್ತಿತ್ತು.