ಎರಡನೇ ಪ್ರತಿವಾದಿ

ಮುಚ್ಚಿದ ಮಿಲ್ಲಿನ ಕಾಂಪೌಂಡಿಗೆ ಒರಗಿದ ನಾಗರಕಟ್ಟೆ,
ಬೆಳಿಗ್ಗೆ ಏಳಕ್ಕೇ ಸಾಲು.
ಮುಂದಿನವಳ ಸೆರಗಿನಲ್ಲಿ ಅರಳು, ನೆನೆಗಡಲೆ;
ಹಿಂದಿನವಳು ಫೋನಿನಲ್ಲಿ: "ಅಣ್ಣ ಬಂದಾನೆ ಕರಿಯಾಕೆ,
ಹನ್ನೊಂದರ ಬಸ್ಸಿಗೆ ಹೊರಡ್ತೀವಿ."
ನಾನು ತಂಬಿಗೆಯ ಹಾಲು ಚೆಲ್ಲದ ಹಾಗೆ ಹಿಡಿದು
ಮಿಲ್ಲಿನ ಚಿಮಣಿ ನೋಡುತ್ತೇನೆ.

ಹೋದ ವರ್ಷ ನನ್ನನ್ನೂ ಕರೆಯಲು ಬಂದಿದ್ದ ಹಾಲೇಶಣ್ಣ.
ಟಿವಿಎಸ್ಸಿನ ಮುಂದೆ ಮಂಡಕ್ಕಿ ಚೀಲ,
ಹಿಂದೆ ನಾನು, ಮಡಿಲಲ್ಲಿ ಚಿಕ್ಕವಳು.
ಕುಕ್ಕವಾಡದ ದಾರಿಯುದ್ದಕ್ಕೂ ಒಂದೇ ಮಾತು ಅವನದು:
"ಗಟ್ಟಿ ಹಿಡ್ಕೊ, ನಿಂಬಿ."

ಈ ವರ್ಷ ನಾವು ನಂಬರುಗಳು.
ನಾನು ವಾದಿ. ಅವನು ಒಂದನೇ ಪ್ರತಿವಾದಿ.
ನಾಲೆಯ ಕೆಳಗಿನ ಎರಡೂಕಾಲು ಎಕರೆ, ಚಕ್ಕುಬಂದಿ ಸಮೇತ:
ಉತ್ತರಕ್ಕೆ ಹಳ್ಳ, ಪೂರ್ವಕ್ಕೆ ಬಂಡಿದಾರಿ,
ಪಶ್ಚಿಮಕ್ಕೆ ನಾವು ಜೋಕಾಲಿ ಕಟ್ಟುತ್ತಿದ್ದ ಬೇವಿನ ಮರ.
ಅದನ್ನು ಮಾತ್ರ ಯಾರೂ ಬರೆಸಿಲ್ಲ.
ವಕೀಲರು ಹೇಳಿದ್ದಾರೆ: "ಎದುರು ಪಾರ್ಟಿ ಜೊತೆ ಮಾತು ಬೇಡಮ್ಮ,
ಹಬ್ಬ ಅಂತ ಹೋಗಿ ಎಲ್ಲಾದರೂ ರುಜು ಹಾಕಿಬಿಟ್ಟೀರಿ."
ಶೇಂಗಾ ಉಂಡೆ ಕಟ್ಟಿದ್ದೇನೆ, ನಲವತ್ತು.
ಎಣಿಸುವಾಗ ಗೊತ್ತಾಯಿತು, ಕೈ ಹಳೆ ಲೆಕ್ಕದಲ್ಲೇ ಕಟ್ಟಿದೆ.

ನನ್ನ ಸರದಿ.
ಕಲ್ಲಿನ ಹೆಡೆಗೆ ಹೂವಿನಿಂದ ಹಾಲು, ಅವ್ವ ಕಲಿಸಿದ ಹಾಗೆ:
ದೇವರ ಪಾಲು. ಗುರುವಿನ ಪಾಲು.
ತೀರಿಕೊಂಡ ಅಪ್ಪನ ಪಾಲು.
ಆಮೇಲೆ ಬಾಯಿ ಕಟ್ಟಿತು.
ಪಾಲು ಎಂಬ ಈ ಮಾತನ್ನೇ ಅಲ್ಲವೇ ನಾನು
ಹನ್ನೆರಡು ಪುಟ ಟೈಪು ಮಾಡಿಸಿ, ಸ್ಟಾಂಪು ಹಚ್ಚಿಸಿ,
ಅಮೀನನ ಕೈಯಲ್ಲಿ ಅವರ ಬಾಗಿಲಿಗೆ ಕಳಿಸಿದ್ದು?
"ಮಾವಂದು?" ಅಂದಳು ಚಿಕ್ಕವಳು,
ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರೆನ್ನಿಸುತ್ತ.
ಹಿಂದಿನ ಸಾಲು ಕೆಮ್ಮಿತು.
ಹಾಲೇಶಣ್ಣನ ಪಾಲು, ಎಂದೆ. ಹನಿ ಹೆಡೆಯಿಂದ ಇಳಿಯಿತು.
ಬಿಟ್ಟುಕೊಟ್ಟಂತಲ್ಲ ಅದು; ಕೇಸೂ ವಾಪಸಿಲ್ಲ,
ನನ್ನದು ನನಗೆ ಬರಬೇಕು.
ಆದರೂ ಎಂದೆ.

ಇದೇ ಹೊತ್ತಿಗೆ ಊರಲ್ಲಿ, ಹುತ್ತದ ಮುಂದೆ,
ಎರಡನೇ ಪ್ರತಿವಾದಿ,
ಹೆಬ್ಬೆಟ್ಟು, ವಯಸ್ಸು ಸುಮಾರು ಅರವತ್ತೆಂಟು,
ಮಂಡಿ ಹಿಡಿದು ಕೂತಿರುತ್ತಾಳೆ.
ಅವಳ ಲೆಕ್ಕದಲ್ಲಿ ಮಗನಾದ ಮೇಲೆ ನಾನು ಬರುತ್ತಿದ್ದೆ.
ನಿಂಬಿ ಪಾಲು, ಅನ್ನುತ್ತಿದ್ದಳು, ಒಂದು ಹನಿ ಹೆಚ್ಚೇ ಬಿಟ್ಟು.
ಈ ವರ್ಷ ಅಂದಳೋ, ನುಂಗಿದಳೋ,
ಮಗ ಪಕ್ಕದಲ್ಲೇ ನಿಂತಿದ್ದನೋ.

ಹದಿನಾರಕ್ಕೆ ವಾಯಿದೆ.
ಕೋರ್ಟಿನ ಹುಣಸೆ ಮರದ ಆ ಕಡೆ ಅವರು, ಈ ಕಡೆ ನಾನು.
ಉಂಡೆ ಅಷ್ಟು ದಿನ ಕೆಡುವುದಿಲ್ಲ.
ಡಬ್ಬಿ ಬ್ಯಾಗಿನಲ್ಲಿಟ್ಟಿದ್ದೇನೆ, ಫೈಲಿನ ಕೆಳಗೆ.