ಅರ್ಧ ಇಟ್ಟಿಗೆ

ಮೊದಲ ವಾರ ನನ್ನ ಬಳಿ
ಇಪ್ಪತ್ನಾಲ್ಕು ಪ್ರಶ್ನೆಗಳಿದ್ದವು, ಒಂದು ಅಳತೆ ಟೇಪು,
ಬೆನ್ನಿಗೆ ತಕ್ಕಂತೆ ಬಾಗಿದ ಕುರ್ಚಿಯ ಚಿತ್ರ.
ಚೆಂದ ಇತ್ತು, ನಾನೇ ಬರೆದದ್ದು.
ಯಾರ ಬೆನ್ನು ಎಂಬುದು ಇನ್ನೂ ಗೊತ್ತಿರಲಿಲ್ಲ.

ರಾಯದುರ್ಗ. ಕಣೇಕಲ್ ರಸ್ತೆಯಿಂದ ಒಳಗೆ,
ತಗಡಿನ ಮಾಡಿನ ಕೆಳಗೆ ಹದಿನೆಂಟು ಮಿಷನ್ನು.
ಹೊರಗೆ ಬಂಡೆಗುಡ್ಡ ಕಾದು ಕೂತಿತ್ತು.
ಒಳಗೆ ಜೀನ್ಸಿನ ಕಾಲುಗಳು,
ಸೊಂಟವಿಲ್ಲದೆ, ಒಂದರ ಮೇಲೊಂದು ಒರಗಿ.

ಒಂಬತ್ತನೇ ಪ್ರಶ್ನೆ: ಸೊಂಟ ನೋಯುತ್ತದೆಯೇ?
ಇಲ್ಲ. ಇಲ್ಲ. ಇಲ್ಲಮ್ಮ. ಇಲ್ಲ.
ಹದಿನೆಂಟು ಇಲ್ಲ.
ಕೋಷ್ಟಕ ತುಂಬಿ ಖುಷಿಯಲ್ಲಿ ಕಳಿಸಿದೆ.
ಮೇಡಂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು:
'ಕೇಳುವಾಗ ಓನರು ಎಲ್ಲಿ ನಿಂತಿದ್ದ?'

ಬಾಗಿಲಲ್ಲಿ.

ಎರಡನೇ ವಾರ ಪ್ರಶ್ನಾವಳಿ ಚೀಲದಲ್ಲೇ ಉಳಿಯಿತು.
ದಾರ ಕತ್ತರಿಸಲು ಕೂತೆ, ನೆಲದ ಮೇಲೆ,
ಬೀಬಿಜಾನಳ ನಾದಿನಿಯ ಪಕ್ಕ.
ಅವಳಿಗೆ ಗಂಟೆಗೆ ಅರವತ್ತು ಪ್ಯಾಂಟು, ನನಗೆ ಹನ್ನೊಂದು.
'ಅಕ್ಕಾ, ನೀ ಪಾಸಾಗಂಗಿಲ್ಲ' ಅಂದಳು.
ಮೂರನೇ ದಿನಕ್ಕೆ ಬೆರಳು ನೀಲಿ, ಟಿಪ್ಪಣಿ ಪುಸ್ತಕ ನೀಲಿ,
ಬೆವರು ಒರೆಸಿಕೊಂಡ ಕೆನ್ನೆ ನೀಲಿ.
ಸಹಭಾಗಿ ಅವಲೋಕನದ ಬಗ್ಗೆ
ಮೂವತ್ತು ಪುಟ ಓದಿ ಬಂದಿದ್ದೆ.
ಬಣ್ಣ ಬಿಡುವ ವಿಚಾರ ಅದರಲ್ಲಿರಲಿಲ್ಲ.

ನೆಲದಲ್ಲಿ ಕೂತವರಿಗೆ ಕಾಲು ಕಾಣುತ್ತವೆ.
ಹಾಗಾಗಿ ಕಂಡಿತು
ಓಬಳಮ್ಮನ ಎಡಗಾಲಿನ ಕೆಳಗೆ ಅರ್ಧ ಇಟ್ಟಿಗೆ,
ಹಳೇ ಪ್ಯಾಂಟಿನ ಬಟ್ಟೆ ಸುತ್ತಿ ಹೊಲಿಗೆ ಹಾಕಿದ್ದು,
ಮೂಲೆಗಳನ್ನು ಜೇಬಿನ ಹಾಗೆ ಮಡಚಿದ್ದು.
ಸಂಜೆ ಅದು ಬುತ್ತಿಚೀಲಕ್ಕೆ ಇಳಿಯುತ್ತದೆ,
ಬೆಳಿಗ್ಗೆ ಮತ್ತೆ ಬರುತ್ತದೆ.
ನಾಳೆ ಅದೇ ಮಿಷನ್ನು ಸಿಕ್ಕೀತೆಂಬ ಖಾತ್ರಿ
ಅಲ್ಲಿ ಯಾರಿಗೂ ಇಲ್ಲ.
ನನ್ನ ಕುರ್ಚಿಗೆ ನಾಲ್ಕು ಕಾಲಿದ್ದವು,
ಮನೆಗೆ ಹೊತ್ತೊಯ್ಯಲು ಒಂದು ಹಿಡಿ ಇರಲಿಲ್ಲ.

ಕರೆಂಟು ಹೋಯಿತು.
ಹದಿನೆಂಟು ಸದ್ದು ಒಟ್ಟಿಗೇ ಬಿದ್ದವು.
ಮಂಡಾಳಿನ ಪೊಟ್ಟಣ ಬಿಚ್ಚಿದರು. ಆಗ ಬಂತು ಮಾತು,
ಸೊಂಟದ್ದು, ಮಂಡಿಯದ್ದು,
ಮಧ್ಯಾಹ್ನದವರೆಗೆ ಉಚ್ಚೆ ತಡೆದದ್ದು,
ನಡುವೆ ಯಾರದೋ ಓರಗಿತ್ತಿಯದ್ದು.
ಗೀಚುತ್ತಲೇ ಇದ್ದೆ. ಓಬಳಮ್ಮ ಕೇಳಿದಳು:
'ಇಷ್ಟ್ ಬರದ್ರ ಪೀಸಿಗೆ ಏಸು ಕೊಡ್ತಾರ ನಿನಗ?'
ಶಿಷ್ಯವೇತನವನ್ನು ಪುಟಗಳಿಂದ ಭಾಗಿಸಿದೆ.
ಹೇಳಲಿಲ್ಲ.

ಒಪ್ಪಿಗೆ ಪತ್ರ ಕೊಟ್ಟೆ, ಕನ್ನಡದ್ದು.
'ಮಾತು ಕನ್ನಡ ನಂದು, ಸಾಲಿ ತೆಲುಗು. ನೀನೇ ಓದು.'
ಓದಿದೆ, ಜೋರಾಗಿ, ಮೊಬೈಲಿನ ಬೆಳಕಲ್ಲಿ.
ಐದನೇ ಸಾಲು: ನಿಮ್ಮ ಹೆಸರನ್ನು ಎಲ್ಲಿಯೂ ಬಳಸುವುದಿಲ್ಲ.
'ಯಾಕ?'
ನಿಮ್ಮ ರಕ್ಷಣೆಗೆ, ಅಂದೆ.
ಮಡಿಲಿನಿಂದ ಒಂದು ಹಿಡಿ ಲೇಬಲ್ಲು ತೆಗೆದು
ನನ್ನ ಪುಸ್ತಕದ ಮೇಲೆ ಸುರಿದಳು.
ಹೊಳೆಯುವ ಅಕ್ಷರ. ಯಾವ ಊರಿನ ಯಾವನದೋ ಹೆಸರು.
'ಹದಿನಾರು ವರ್ಷ ಆತು, ಇವನ ಹೆಸರು
ಮಂದಿ ಸೊಂಟಕ್ಕೆಲ್ಲ ಹೊಲ್ದೀನಿ.
ಇಟ್ಟಿಗಿ ನಂದು. ನನ್ನ ಹೆಸರು ಹಾಕು.
ಓನರು ಓದಂಗಿಲ್ಲ ಬಿಡು, ಅಂವ ಲೆಕ್ಕ ಒಂದೇ ಓದ್ತಾನ.'

ಮೇಡಂಗೆ ಬರೆದೆ. ಅವರು ಸಮಿತಿಗೆ ಬರೆದರು.
ಸಮಿತಿ ಇನ್ನೂ ಸೇರಿಲ್ಲ.
ಮೂರನೇ ಅಧ್ಯಾಯ ಸದ್ಯಕ್ಕೆ ಇಷ್ಟು:
ಚಿತ್ರ ಒಂದು. ಇಟ್ಟಿಗೆ, ಅರ್ಧ.
ಎತ್ತರ ಬಟ್ಟೆ ಸೇರಿ ಮೂರೂಕಾಲು ಅಂಗುಲ.
ಬಟ್ಟೆಯ ಸುತ್ತು ಏಳು, ಆರ್ಡರು ಜಾಸ್ತಿ ಇದ್ದ ದಿನ ಎಂಟು.
ವಿನ್ಯಾಸ:
ಮುಂದೆ ಜಾಗ ಬಿಟ್ಟಿದ್ದೇನೆ,
ನಾಲ್ಕಕ್ಷರ ಹಿಡಿಸುವಷ್ಟು.

ಕುರ್ಚಿಯ ಚಿತ್ರ ಬೀಬಿಜಾನಳ ನಾದಿನಿ ಕೇಳಿ ಪಡೆದಳು.
ಹಿಂಬದಿ ಖಾಲಿ ಇತ್ತು,
ಪ್ಯಾಂಟಿನ ಲೆಕ್ಕ ಬರೆಯಲು ಆಯಿತು.