ಇಪ್ಪತ್ತೆಂಟು ಆಂಪ್ಸ್

ಕಪನೂರಿನ ಬ್ಯಾಳಿ ಮಿಲ್ಲಿನ ಹಿಂದಿನ ಶೆಡ್ಡಿನಾಗ
ಮೊಣಕಾಲೂರಿ ಮೋಟಾರಿನ ತಗಡು ಒರಸ್ತೀನಿ.
ಐದು ವರ್ಷದ ತೊಗರಿ ಹೊಟ್ಟು, ಗ್ರೀಸು,
ಯಾವದೋ ಪೂಜಿಗಿ ಹಚ್ಚಿದ ಕುಂಕುಮ.
ಉಗುರಿಲೆ ಕೆರದಂಗ ಒಂದೊಂದೇ ಅಂಕಿ ಕಣ್ಣು ತೆರೀತದ:
ಇಪ್ಪತ್ತು ಎಚ್‌ಪಿ. ನಾನೂರ ಹದಿನೈದು ವೋಲ್ಟ್.
ಇಪ್ಪತ್ತೆಂಟು ಆಂಪ್ಸ್.
ಸುತ್ತಲಿನ ಗಾಳಿ, ನಲವತ್ತು ಡಿಗ್ರಿ.

ನಲವತ್ತು!
ಈ ತಗಡಿನ ಮ್ಯಾಲೆ ಅಂಕಿ ಕೆತ್ತಿದಾಂವ
ಮೇ ತಿಂಗಳಾಗ ಒಮ್ಮ್ಯಾದರೂ ಕಲಬುರಗಿಗಿ ಬಂದಿದ್ನೇನು?
ಇಲ್ಲಿ ಮುಂಜಾನಿ ಹತ್ತಕ್ಕ ಮ್ಯಾಲಿನ ಪತ್ರಾ ಚಟಚಟ ಅಂತಾವ,
ಪಾನಾ ಹಿಡೀಬೇಕಂದ್ರ ಅರಬಿ ಸುತ್ತಬೇಕು.

ಒಂದು ಸೀಸನ್ನಿನಾಗ ಮೂರು ಸಲ ಸುಟ್ಟದ ಇದು.
ಮೂರೂ ಸಲ ವೈಂಡಿಂಗ್ ಕಟ್ಟಿದಾಂವ ಖಾಜಾಪಟೇಲ ಉಸ್ತಾದ.
ಮುಚ್ಚಳ ಬಿಚ್ಚಿ, ಮೂಗು ಹಚ್ಚಿ, ಕಣ್ಣು ಸಣ್ಣ ಮಾಡಿ ಹೇಳಿದ:
"ಒಂದೇ ಕಡಿ ಸುಟ್ಟಿದ್ದರ ಫೇಸ್ ಹೋಗಿತ್ತು ಅಂತಿದ್ದೆ.
ಮೂರೂ ಸರೀಗಿ ಕಪ್ಪಾಗ್ಯಾವ, ನೋಡು ಬೇಟಿ.
ಇದು ಲೈನಿನ ತಪ್ಪಲ್ಲ. ಹೊರಿ."

ಗ್ವಾಡಿಗಿ ಡ್ರೈವಿನ ಪೆಟಗಿ. ಗುಂಡಿ ಒತ್ತಿ
ಒಳಗಿನ ಪಟ್ಟಿ ಇಳಸ್ತೀನಿ,
ಮಂದಿ ಮನಿ ಕಾಗದ ಕದ್ದು ಓದಿದಂಗ.
ಓವರ್‌ಲೋಡ್, ಮೂವತ್ತಾರು.
ವೇಗ ಏರೂ ಹೊತ್ತು, ಎರಡು ಸೆಕೆಂಡು.
ತಳದ ಹರ್ಟ್ಜ್, ಹನ್ನೆರಡು.
"ಮ್ಯಾಲಿಂದ ಮ್ಯಾಲೆ ಟ್ರಿಪ್ ಆಗ್ತಿತ್ತು, ನಾನೇ ಏರಿಸೀನಿ,"
ಅಂದ್ರು ಶರಣಗೌಡ ಸಾಹುಕಾರ್ರು,
ಅರವಟ್ಟಿಗಿ ಇಡಿಸಿದವರ ಧಾಟಿಯೊಳಗ.
"ಕಾಳು ಹಸಿ ಇದ್ದಾಗ ಹನ್ನೆರಡರ ಮ್ಯಾಲೇ ಓಡಸ್ತೀವಿ.
ನಿಧಾನ ಅಂದ್ರ ಅದಕ್ಕ ಆರಾಮಲ್ಲೇನು?"

ಅಲ್ರಿ ಸಾಹುಕಾರ್ರೆ.
ಅದರ ಬೀಸಣಿಗಿ ಅದರ ಬೆನ್ನಿಗೇ ಕಟ್ಟ್ಯಾರ.
ಶಾಫ್ಟ್ ಮೆಲ್ಲಕ ತಿರಗಿದರ ಪಂಖಾನೂ ಮೆಲ್ಲಕ.
ಹೊರಿ ಇದ್ದಷ್ಟೇ ಇರ್ತದ, ಗಾಳಿ ಇರಂಗಿಲ್ಲ.
ಸಾವಕಾಶ ನಡಿಯಾಂವ ಬೆವರಂಗಿಲ್ಲ ಅಂತ
ಯಾರು ಹೇಳಿದ್ರು ನಿಮಗ?

ಅವರು ಮಾತಾಡಲಿಲ್ಲ. ನಾ ಬರದೆ:
ಏರೂ ಹೊತ್ತು ಹದಿನೆಂಟು. ತಳ ಇಪ್ಪತ್ತೈದು.
ಓವರ್‌ಲೋಡ್ ಇಪ್ಪತ್ತಾರು.
"ಇಪ್ಪತ್ತಾರಾ? ನಾ ರೊಕ್ಕ ಕೊಟ್ಟಿದ್ದು ಇಪ್ಪತ್ತೆಂಟಕ್ಕ!"
ಎರಡು ಬಿಸಿಲಿಗಿ ಹೋದ್ವು ಅಂದೆ.

ಶುರು ಮಾಡಿದೆ.
ಮೊದಲಿನಂಗ ಬೆಲ್ಟು ಕಿರಚಲಿಲ್ಲ.
ಎಬ್ಬಿಸಿದ ಎಮ್ಮಿ ಹಂಗ, ಮುಂಗಾಲು, ಹಿಂಗಾಲು,
ಮೈ ಮುರದು ಎದ್ದು ನಿಂತಿತು.
ಕ್ಲಾಂಪ್ ಮೀಟರಿನಾಗ ಇಪ್ಪತ್ತೆರಡು, ಇಪ್ಪತ್ತಮೂರು.
ಉಸ್ತಾದ ಬೀಡಿ ಕಿವಿಗಿ ಸಿಗಿಸಿ ನಕ್ಕ:
"ನನ್ನ ತಾಟಿನ ರೊಟ್ಟಿ ಕಸಗೊಂಡಿ ಬೇಟಿ."
ನಕ್ಕಿದ್ದು ಖರೆ. ರೊಟ್ಟಿ ಮಾತೂ ಖರೆ.

ಮಧ್ಯಾಹ್ನ ಮೂರಕ್ಕ, ಎರಡು ಲಾರಿ ಬಂದ್ವು.
ಯಾರೋ ಹಾಪರಿನ ಬಾಗಲಾ ಪೂರಾ ತೆಗದರು.
ಇಪ್ಪತ್ತೇಳು. ಇಪ್ಪತ್ತೊಂಬತ್ತು.
ಆಮ್ಯಾಲ ಟಪ್.

ಇಡೀ ಶೆಡ್ಡು ಒಮ್ಮೆಲೆ ಕಿವುಡಾತು.
ಧೂಳು ಮಾತ್ರ ಇಳೀಲತ್ತಿತ್ತು, ಅದಕ್ಕೇನು ಅವಸರ?
ಸಾಹುಕಾರ್ರು ಓಡಿ ಬಂದು ಪಾಸ್‌ವರ್ಡ್ ಕೇಳಿದರು.
ಮರತೀನ್ರಿ ಅಂದೆ.
ಸುಳ್ಳು.

ಹಮಾಲ ಮಲ್ಕಪ್ಪ, ಹೆಗಲ ಮ್ಯಾಲಿನ ಚೀಲ ಅಲ್ಲೇ ಇಳಿಸಿ
ಅದರ ಮ್ಯಾಲೇ ಕುಂತ. ಬಿಂದಿಗಿ ಎತ್ತಿ ಗಟಗಟ ಕುಡದ.
ಮುಂಜಾನಿಂದ ಎಷ್ಟು ಚೀಲ ಅಂದೆ.
"ಯಾರು ಎಣಸ್ಯಾರವ್ವ," ಅಂದ,
"ಅದು ಕುಂತದ ಅಂತ ನಾ ಕುಂತೀನಿ."

ಮೋಟಾರಿನ ಮೈಮ್ಯಾಲೆ ಅಂಗೈ ಇಟ್ಟೆ.
ಒಂದು. ಎರಡು. ಮೂರು.
ನಾಕಕ್ಕ ಕೈ ತಗದೆ.

ಇನ್ನೂ ಬಿಸಿ ಅದರಿ, ಸಾಹುಕಾರ್ರೆ. ಹತ್ತು ನಿಮಿಷ.
ಮಲ್ಕಪ್ಪ, ನೀ ಏಳಬ್ಯಾಡ.